‘ಪಾಸಿಟಿವ್’ ಎಂದರೆ ಯಾವುದಕ್ಕೆ?

ಒಂಬತ್ತನೇ ತರಗತಿಯ ‘ಅಂಗಾಂಶಗಳು’ ಘಟಕ ನನ್ನ ಬೋಧನಾಭ್ಯಾಸದ ಆರನೇ ಪಾಠ. ಈರುಳ್ಳಿಯ ಪೊರೆಗೆ ಸ್ಯಾಫ್ರನಿನ್ ಹಾಕುವ ಮೊದಲು ಮತ್ತು ಹಾಕಿದ ಮೇಲೆ ಸೂಕ್ಷ್ಮದರ್ಶಕದಲ್ಲಿ ತೋರಿಸುವುದು ನನ್ನ ಯೋಜನೆಯಾಗಿತ್ತು. ಸಾಲಿನ ಕೊನೆಯಲ್ಲಿದ್ದ ಹುಡುಗಿ ಮೆಲ್ಲಗೆ ಕೇಳಿದಳು: “ಮಿಸ್, ಅಮ್ಮನ ಎದೆಯ ಗಡ್ಡೆಗೂ ಹೀಗೇ ಬಣ್ಣ ಹಾಕಿ ನೋಡಿದ್ರಂತೆ. ರಿಪೋರ್ಟಲ್ಲಿ ಇ.ಆರ್. ಪಾಸಿಟಿವ್ ಅಂತಿದೆ. ಅಂದ್ರೆ ಜಾಸ್ತಿ ಆಗಿದೆ ಅಂತಾನಾ?”

“ಡಾಕ್ಟರನ್ನೇ ಕೇಳಬೇಕಮ್ಮ” ಎಂದು ಮುಂದೆ ಹೋದೆ. ವೀಕ್ಷಣೆಗೆ ಬಂದಿದ್ದ ಉಪನ್ಯಾಸಕಿ ಒಳ್ಳೆಯ ಅಂಕವನ್ನೇ ಕೊಟ್ಟರು. ನನಗೆ ಮಾತ್ರ ಆ ಪಾಠ ಮುಗಿದಿರಲಿಲ್ಲ. ಗ್ರಂಥಾಲಯದಲ್ಲಿ ಕೂತು ಓದಿ, ಎರಡು ದಿನದ ಮೇಲೆ ಇಡೀ ತರಗತಿಗೆ ಇನ್ನೊಂದು ಪಾಠ ಮಾಡಿದೆ.

ಆಲೂಗಡ್ಡೆ, ಈರುಳ್ಳಿ ಎರಡರ ಮೇಲೂ ಅಯೋಡಿನ್ ಹನಿಸಿದೆ. ಆಲೂಗಡ್ಡೆ ಕಪ್ಪುನೀಲಿಯಾಯಿತು, ಈರುಳ್ಳಿ ಆಗಲಿಲ್ಲ. “ಆಲೂಗಡ್ಡೆ ಪಾಸಿಟಿವ್. ಯಾವುದಕ್ಕೆ?” ಎಂದೆ. “ಪಿಷ್ಟಕ್ಕೆ!” ಎಂದರು. ಒಳ್ಳೆಯದೋ ಕೆಟ್ಟದ್ದೋ ಎಂದು ಯಾರೂ ಕೇಳಲಿಲ್ಲ. ಅಲ್ಲಿಂದ ಗಡ್ಡೆಯ ವಿಷಯಕ್ಕೆ ಬಂದೆ.

ಗಡ್ಡೆಯ ತುಣುಕನ್ನು ಫಾರ್ಮಲಿನ್‌ನಲ್ಲಿಟ್ಟು, ಮೇಣದಲ್ಲಿ ಹುದುಗಿಸಿ, ಸುಮಾರು 4 ಮೈಕ್ರೋಮೀಟರ್ ದಪ್ಪದ ಪದರಗಳಾಗಿ ಕೊಯ್ಯುತ್ತಾರೆ. ಮೊದಲ ಬಣ್ಣ ಹೆಮಟಾಕ್ಸಿಲಿನ್ ಮತ್ತು ಇಯೋಸಿನ್: ಕೋಶಕೇಂದ್ರ ನೀಲಿ, ಕೋಶದ್ರವ್ಯ ಗುಲಾಬಿ. (ಹೆಮಟಾಕ್ಸಿಲಿನ್ ಒಂದು ಮರದ ತಿರುಳಿನಿಂದ ಬರುತ್ತದೆ ಎಂದಾಗ ಹಿಂದಿನ ಬೆಂಚೂ ಎದ್ದು ಕೂತಿತು.) ಕೋಶಗಳು ಎಷ್ಟರಮಟ್ಟಿಗೆ ನಾಳದ ಆಕಾರ ಉಳಿಸಿಕೊಂಡಿವೆ, ಕೋಶಕೇಂದ್ರಗಳು ಎಷ್ಟು ವಿಕಾರವಾಗಿವೆ, ಎಷ್ಟು ಕೋಶಗಳು ವಿಭಜನೆಯಲ್ಲಿವೆ ಎಂಬ ಮೂರಕ್ಕೂ 1ರಿಂದ 3 ಅಂಕ ಕೊಟ್ಟು ಕೂಡಿಸಿದರೆ ಗಡ್ಡೆಯ ದರ್ಜೆ ಸಿಗುತ್ತದೆ. ಮೊತ್ತ ಹೆಚ್ಚಾದಷ್ಟೂ ಗಡ್ಡೆ ಉಗ್ರ.

ಎರಡನೇ ಬಗೆಯಲ್ಲಿ, ನಿರ್ದಿಷ್ಟ ಪ್ರೋಟೀನಿಗಷ್ಟೇ ಅಂಟುವ ಪ್ರತಿಕಾಯವನ್ನು ಬಳಸುತ್ತಾರೆ. ಅದು ಅಂಟಿದ ಕಡೆ ಕಂದು ಬಣ್ಣ ಮೂಡುವಂತೆ ಮಾಡುತ್ತಾರೆ. ಇ.ಆರ್. ಎಂದರೆ ಈಸ್ಟ್ರೋಜನ್ ಗ್ರಾಹಕ. ಗಡ್ಡೆಯ ಕೋಶಕೇಂದ್ರಗಳಲ್ಲಿ ಶೇ. 1ರಷ್ಟಾದರೂ ಕಂದಾದರೆ ಪಾಸಿಟಿವ್. ಅಂಥ ಗಡ್ಡೆ ಹಾರ್ಮೋನಿನ ಮಾತು ಕೇಳುವಂಥದ್ದು; ಟ್ಯಾಮಾಕ್ಸಿಫೆನ್‌ನಂಥ ಔಷಧಿಯಿಂದ ಆ ದಾರಿಯನ್ನು ತಡೆಯಲು ಅವಕಾಶವಿದೆ. ಹರ್-2 ಪ್ರೋಟೀನ್ ಕೋಶಪೊರೆಯ ಮೇಲೆ ಕಾಣುತ್ತದೆ. ಅದಕ್ಕೆ 0ಯಿಂದ 3+ ವರೆಗೆ ಅಂಕ. 2+ ಬಂದರೆ ಜೀನ್ ಪರೀಕ್ಷೆಯೂ ಬೇಕು.

ಹರಡುವಿಕೆಯ ಪ್ರಶ್ನೆ ಬೇರೆ. ಅದಕ್ಕೆ ಕಂಕುಳಿನ ದುಗ್ಧಗ್ರಂಥಿಯನ್ನು ಕೊಯ್ದು ನೋಡುತ್ತಾರೆ. ಅಲ್ಲಿನ ದುಗ್ಧಕೋಶಗಳಲ್ಲಿ ಕೆರಾಟಿನ್ ಇರುವುದಿಲ್ಲ, ಸ್ತನದಿಂದ ಬಂದ ಕ್ಯಾನ್ಸರ್ ಕೋಶಗಳಲ್ಲಿ ಇರುತ್ತದೆ. ಹಾಗಾಗಿ ಸಾಮಾನ್ಯ ಬಣ್ಣದಲ್ಲಿ ಕಣ್ತಪ್ಪುವ ಪುಟ್ಟ ಗುಂಪೂ ಕೆರಾಟಿನ್ ಬಣ್ಣದಲ್ಲಿ ಕಂದಾಗಿ ಎದ್ದು ಕಾಣುತ್ತದೆ. 0.2ರಿಂದ 2 ಮಿ.ಮೀ. ವರೆಗಿನದು ಸೂಕ್ಷ್ಮ ಹರಡುವಿಕೆ. ಗ್ರಂಥಿ ‘ಪಾಸಿಟಿವ್’ ಎಂದರೆ ಕ್ಯಾನ್ಸರ್ ಅಲ್ಲಿಗೆ ತಲುಪಿದೆ ಎಂದೇ ಅರ್ಥ.

ಆ ವರದಿಯನ್ನು ನಾನು ಕೇಳಲಿಲ್ಲ, ನೋಡಲೂ ಇಲ್ಲ. ಅದನ್ನು ಓದಿ ಹೇಳಬೇಕಾದವರು ವೈದ್ಯರೇ. ಗಂಟೆ ಹೊಡೆದ ಮೇಲೆ ಹುಡುಗಿ ಮೇಜಿನ ಬಳಿ ಬಂದು, ಇ.ಆರ್., ಹರ್-2, ಗ್ರಂಥಿ ಎಂದು ಒಂದರ ಕೆಳಗೊಂದು ಬರೆದುಕೊಂಡಿದ್ದ ಪುಟ ತೋರಿಸಿದಳು. ಪ್ರತಿಯೊಂದರ ಮುಂದೆಯೂ ಜಾಗ ಬಿಟ್ಟಿದ್ದಳು. “ನಾಳೆ ಆಸ್ಪತ್ರೆಗೆ ಅಮ್ಮನ ಜೊತೆ ನಾನೂ ಹೋಗ್ತೀನಿ ಮಿಸ್” ಎಂದಳು.