ಗುರುತಿನ ಹಿಂದೆ ಇರುವ ಕಾನೂನು

ಮಾನ್ವಿ ತಾಲ್ಲೂಕಿನ ನೀರಮಾನ್ವಿಯಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ನಡೆದರೆ ಮತಪತ್ರದಲ್ಲಿ ಕೈಯೂ ಇರುವುದಿಲ್ಲ, ಕಮಲವೂ ಇರುವುದಿಲ್ಲ, ತೆನೆ ಹೊತ್ತ ಮಹಿಳೆಯೂ ಇರುವುದಿಲ್ಲ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷರಹಿತ. ರಾಜ್ಯ ಚುನಾವಣಾ ಆಯೋಗ ತನ್ನ ಪಟ್ಟಿಯಿಂದ ಒಂದು ಗುರುತು ಕೊಡುತ್ತದೆ, ಅಭ್ಯರ್ಥಿ ಅದರ ಮೇಲೆ ಮತ ಕೇಳಬೇಕು. ಯಾವುದೇ ಪಕ್ಷದ ಬಾವುಟ ಕಟ್ಟಿ, ನಾಯಕರ ಫೋಟೊ ಹಾಕಿ ಪ್ರಚಾರ ಮಾಡಿದರೆ ದೂರು ಕೊಡಲು ಊರಿನ ಯಾರಿಗಾದರೂ ಹಕ್ಕುಂಟು. ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿ, ಪುರಸಭೆ, ವಿಧಾನಸಭೆ, ಲೋಕಸಭೆಗಳ ಮಾತು ಬೇರೆ. ಅಲ್ಲಿ ಪಕ್ಷದ ಗುರುತಿನದೇ ಕಾರುಬಾರು. ಆದರೆ ಆ ಗುರುತನ್ನು ಪಕ್ಷಕ್ಕೆ ಯಾರು ಕೊಟ್ಟರು, ಯಾವ ಲೆಕ್ಕದ ಮೇಲೆ ಕೊಟ್ಟರು, ಅದನ್ನು ಹಿಡಿದು ಗೆದ್ದವರು ನಾಳೆ ಬೇರೆ ಪಕ್ಷಕ್ಕೆ ಹೋದರೆ ನಾವೇನು ಮಾಡಬಹುದು ಎಂಬುದನ್ನು ನಮ್ಮ ಕಡೆ ಕಟ್ಟೆಯ ಮೇಲಿನ ರಾಜಕೀಯ ಚರ್ಚೆಯಲ್ಲಿ ಕೇಳುವವರು ಕಡಿಮೆ. ಕೇಳಲೇಬೇಕಾದ ಪ್ರಶ್ನೆಗಳಿವು.

ಬಹುಪಕ್ಷ ಪದ್ಧತಿ ಹೇಗಿರುತ್ತದೆ ಎಂದು ನೋಡಲು ರಾಯಚೂರು ಜಿಲ್ಲೆ ಸಾಕು. 2023ರ ವಿಧಾನಸಭಾ ಚುನಾವಣೆಯಲ್ಲಿ ಜಿಲ್ಲೆಯ 7 ಕ್ಷೇತ್ರಗಳು 3 ಪಕ್ಷಗಳಿಗೆ ಹಂಚಿಹೋದವು. ಮಾನ್ವಿ, ರಾಯಚೂರು ಗ್ರಾಮೀಣ, ಸಿಂಧನೂರು, ಮಸ್ಕಿ ಕಾಂಗ್ರೆಸ್‌ಗೆ; ರಾಯಚೂರು ನಗರ, ಲಿಂಗಸುಗೂರು ಬಿಜೆಪಿಗೆ; ದೇವದುರ್ಗ ಜೆಡಿಎಸ್‌ಗೆ. ಐದು ವರ್ಷ ಹಿಂದೆ, 2018ರಲ್ಲಿ, ಇದೇ ಮಾನ್ವಿ ಜೆಡಿಎಸ್ ಶಾಸಕರನ್ನೂ ದೇವದುರ್ಗ ಬಿಜೆಪಿ ಶಾಸಕರನ್ನೂ ಆರಿಸಿದ್ದವು. ಇಲ್ಲಿನ ಮತದಾರರು ಒಂದೇ ಗುರುತಿಗೆ ಅಂಟಿಕೊಂಡವರಲ್ಲ.

ಕಾನೂನಿನ ಕಣ್ಣಲ್ಲಿ ಪಕ್ಷಗಳಿಗೆ ಮೂರು ಮೆಟ್ಟಿಲು. ಮೊದಲನೆಯದು ನೋಂದಣಿ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 29ಎ ಕಲಮಿನಡಿ, ಪಕ್ಷ ಕಟ್ಟಿದ 30 ದಿನದೊಳಗೆ ಭಾರತ ಚುನಾವಣಾ ಆಯೋಗಕ್ಕೆ ಅರ್ಜಿ ಹಾಕಬೇಕು. ಮತದಾರರ ಪಟ್ಟಿಯಲ್ಲಿ ಹೆಸರಿರುವ, ಬೇರೆ ನೋಂದಾಯಿತ ಪಕ್ಷದ ಸದಸ್ಯರಲ್ಲದ ಕನಿಷ್ಠ 100 ಜನ ಬೇಕು. ಶುಲ್ಕ 10,000 ರೂಪಾಯಿ. ಸಂವಿಧಾನಕ್ಕೆ, ಸಮಾಜವಾದ, ಜಾತ್ಯತೀತತೆ ಮತ್ತು ಪ್ರಜಾಪ್ರಭುತ್ವದ ತತ್ವಗಳಿಗೆ ನಿಷ್ಠವಾಗಿರುತ್ತೇವೆ ಎಂದು ಪಕ್ಷದ ನಿಯಮಾವಳಿಯಲ್ಲೇ ಬರೆದಿರಬೇಕು. ಅಂದರೆ ಕಾಲುವೆಯ ಕೊನೆ ಭಾಗಕ್ಕೆ ನೀರು ಬರುತ್ತಿಲ್ಲ ಎಂದು ಹೋರಾಡುವ ರೈತರು ನೂರು ಜನ ಕೂಡಿದರೆ ತಮ್ಮದೇ ಪಕ್ಷ ಕಟ್ಟಬಹುದು. ಸಂಘ ಕಟ್ಟುವ ಹಕ್ಕನ್ನು ಸಂವಿಧಾನದ 19ನೇ ವಿಧಿಯೇ ಕೊಟ್ಟಿದೆ.

ಎರಡನೆಯ ಮೆಟ್ಟಿಲು ರಾಜ್ಯ ಪಕ್ಷವೆಂಬ ಮಾನ್ಯತೆ, ಮೂರನೆಯದು ರಾಷ್ಟ್ರೀಯ ಪಕ್ಷವೆಂಬ ಮಾನ್ಯತೆ. ಇವೆರಡನ್ನೂ ನಿರ್ಧರಿಸುವುದು 1968ರ ಚುನಾವಣಾ ಚಿಹ್ನೆಗಳ ಆದೇಶ. ವಿಧಾನಸಭಾ ಚುನಾವಣೆಯಲ್ಲಿ ರಾಜ್ಯದ ಸಿಂಧು ಮತಗಳ ಶೇ 6 ಮತ್ತು 2 ಸ್ಥಾನ ಗೆದ್ದರೆ ಸಾಕು, ರಾಜ್ಯ ಪಕ್ಷವಾಗಬಹುದು. ಸ್ಥಾನವೇ ಬರದಿದ್ದರೂ ಶೇ 8 ಮತ ಬಂದರೆ ಮಾನ್ಯತೆ ಸಿಗುತ್ತದೆ. ಇನ್ನೂ ಕೆಲವು ದಾರಿಗಳಿವೆ. ಜೆಡಿಎಸ್ 2023ರಲ್ಲಿ 19 ಸ್ಥಾನಕ್ಕೆ ಇಳಿದರೂ ಶೇ 13ಕ್ಕೂ ಹೆಚ್ಚು ಮತ ಪಡೆದಿತ್ತು; ಹಾಗಾಗಿ ಅದರ ತೆನೆ ಹೊತ್ತ ಮಹಿಳೆ ಉಳಿದಳು. ಪಕ್ಕದ ಗಂಗಾವತಿಯಲ್ಲಿ ಫುಟ್‌ಬಾಲ್ ಗುರುತಿನ ಮೇಲೆ ಒಂದೇ ಸ್ಥಾನ ಗೆದ್ದ ಕಲ್ಯಾಣ ರಾಜ್ಯ ಪ್ರಗತಿ ಪಕ್ಷ ಈ ಮೆಟ್ಟಿಲು ಹತ್ತುವ ಮೊದಲೇ, 2024ರ ಮಾರ್ಚ್‌ನಲ್ಲಿ, ಬಿಜೆಪಿಯಲ್ಲಿ ವಿಲೀನವಾಯಿತು.

ರಾಷ್ಟ್ರೀಯ ಪಕ್ಷವಾಗಲು ಕನಿಷ್ಠ 4 ರಾಜ್ಯಗಳಲ್ಲಿ ರಾಜ್ಯ ಪಕ್ಷದ ಮಾನ್ಯತೆ ಇರಬೇಕು, ಇಲ್ಲವೇ ಮತ ಮತ್ತು ಲೋಕಸಭಾ ಸ್ಥಾನಗಳ ಬೇರೆ ಲೆಕ್ಕ ತುಂಬಿರಬೇಕು. ಈ ಪಟ್ಟ ಶಾಶ್ವತವಲ್ಲ. 2023ರ ಏಪ್ರಿಲ್ 10ರಂದು ಆಯೋಗ ಸಿಪಿಐ, ಎನ್‌ಸಿಪಿ, ತೃಣಮೂಲ ಕಾಂಗ್ರೆಸ್‌ಗಳ ರಾಷ್ಟ್ರೀಯ ಮಾನ್ಯತೆ ಹಿಂಪಡೆದು, ಆಮ್ ಆದ್ಮಿ ಪಕ್ಷಕ್ಕೆ ಅದನ್ನು ಕೊಟ್ಟಿತು. ಮಾನ್ಯತೆ ಹುಟ್ಟುವುದು ನಮ್ಮ ಮತದಿಂದ, ಹೋಗುವುದೂ ನಮ್ಮ ಮತದಿಂದಲೇ.

ಮಾನ್ಯತೆಯ ಲಾಭ ಅಭ್ಯರ್ಥಿಗೆ ನಾಮಪತ್ರದ ದಿನವೇ ಕಾಣುತ್ತದೆ. ಮಾನ್ಯತೆ ಪಡೆದ ಪಕ್ಷದ ಬಿ ಫಾರಂ ಹಿಡಿದವರಿಗೆ ಆ ಕ್ಷೇತ್ರದ ಒಬ್ಬ ಮತದಾರ ಸೂಚಕರಾದರೆ ಆಯಿತು. ಪಕ್ಷೇತರರಿಗೆ, ಮಾನ್ಯತೆಯಿಲ್ಲದ ಪಕ್ಷದವರಿಗೆ 10 ಜನ ಬೇಕು. ಠೇವಣಿಯಲ್ಲಿ ಮಾತ್ರ ಈ ಭೇದವಿಲ್ಲ. ವಿಧಾನಸಭೆಗೆ 10,000 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 5,000. ಮಾನ್ವಿ, ದೇವದುರ್ಗ ಎರಡೂ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಕ್ಷೇತ್ರಗಳಾದ್ದರಿಂದ ಅಲ್ಲಿ ಎಲ್ಲ ಅಭ್ಯರ್ಥಿಗಳ ಠೇವಣಿಯೂ 5,000 ರೂಪಾಯಿಯೇ. ಟಿಕೆಟ್ ಸಿಗದ ಯುವಕ ಯುವತಿಯರು ಹಣವಿಲ್ಲವೆಂದು ಹಿಂಜರಿಯುವ ಮುನ್ನ ಈ ಮೊತ್ತ ತಿಳಿದಿರಲಿ.

ಈಗ ಗುರುತು ಬದಲಿಸುವವರ ವಿಚಾರ. ನಮ್ಮ ಜಿಲ್ಲೆಗೆ ಇದು ಮನೆಯ ಕಥೆ. 2008ರ ಮೇ ತಿಂಗಳಲ್ಲಿ ದೇವದುರ್ಗದಿಂದ ಜೆಡಿಎಸ್ ಗುರುತಿನಲ್ಲಿ ಗೆದ್ದ ಶಾಸಕರು ತಿಂಗಳುಗಳಲ್ಲೇ ರಾಜೀನಾಮೆ ಕೊಟ್ಟು, ಅದೇ ವರ್ಷದ ಡಿಸೆಂಬರ್‌ನಲ್ಲಿ ಬಿಜೆಪಿ ಗುರುತಿನಲ್ಲಿ ಮತ್ತೆ ಗೆದ್ದರು. ಮಸ್ಕಿಯ ಕಥೆ ಇನ್ನೂ ದೊಡ್ಡದು. 2018ರಲ್ಲಿ ಅಲ್ಲಿ ಕಾಂಗ್ರೆಸ್‌ನ ಪ್ರತಾಪಗೌಡ ಪಾಟೀಲರು ಬಿಜೆಪಿಯ ಬಸನಗೌಡ ತುರ್ವಿಹಾಳರನ್ನು ಸೋಲಿಸಿದ್ದು ಕೇವಲ 213 ಮತಗಳಿಂದ. 2019ರ ಜುಲೈನಲ್ಲಿ ಪಾಟೀಲರೂ ಸೇರಿ 17 ಶಾಸಕರನ್ನು ಸ್ಪೀಕರ್ ಕೆ.ಆರ್. ರಮೇಶ್ ಕುಮಾರ್ ಅನರ್ಹಗೊಳಿಸಿದರು. ರಾಜೀನಾಮೆ ಕೊಟ್ಟಿದ್ದೇವೆ ಎಂಬ ವಾದ ಅವರನ್ನು ಕಾಯಲಿಲ್ಲ. ಅದೇ ವರ್ಷದ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು; ಆದರೆ 2023ರವರೆಗೆ ಸ್ಪರ್ಧಿಸಬಾರದೆಂಬ ಭಾಗವನ್ನು ತೆಗೆದುಹಾಕಿತು. ಆ 17ರಲ್ಲಿ 15 ಕಡೆ ಡಿಸೆಂಬರ್‌ನಲ್ಲೇ ಉಪಚುನಾವಣೆ ಆಯಿತು. ಮಸ್ಕಿಯ 2018ರ ಫಲಿತಾಂಶದ ಮೇಲೆ ಹೈಕೋರ್ಟ್‌ನಲ್ಲಿ ತಕರಾರು ಅರ್ಜಿ ಇದ್ದುದರಿಂದ ಅಲ್ಲಿ ಮತದಾನ ನಡೆದದ್ದು 2021ರ ಏಪ್ರಿಲ್ 17ರಂದು. ಆ ಹೊತ್ತಿಗೆ ಅಭ್ಯರ್ಥಿಗಳು ಅವರೇ, ಗುರುತು ಅದಲು ಬದಲು. ಕಾಂಗ್ರೆಸ್ ಗುರುತಿನಲ್ಲಿ ನಿಂತ ತುರ್ವಿಹಾಳರು 30,000ಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಸುಮಾರು ಎರಡು ವರ್ಷ ಮಸ್ಕಿಯ ಜನರಿಗೆ ಶಾಸಕರೇ ಇರಲಿಲ್ಲ. ರಸ್ತೆ, ಕುಡಿಯುವ ನೀರು, ಬೆಳೆ ಪರಿಹಾರದ ಮಾತನ್ನು ಸದನದಲ್ಲಿ ಅವರ ಪರವಾಗಿ ಎತ್ತುವವರಿಲ್ಲದೆ ಕಳೆದ ಆ ಕಾಲವನ್ನು ಯಾವ ತೀರ್ಪೂ ಅವರಿಗೆ ಹಿಂದಿರುಗಿಸಲಾರದು.

ಇಂಥ ಕಡೆ ಕೆಲಸ ಮಾಡುವುದು 1985ರಲ್ಲಿ ಸಂವಿಧಾನಕ್ಕೆ ಸೇರಿದ 10ನೇ ಅನುಸೂಚಿ. ಪಕ್ಷದ ಸದಸ್ಯತ್ವವನ್ನು ತಾವಾಗಿ ಬಿಟ್ಟರೆ, ಪಕ್ಷದ ಆದೇಶವಾದ ವಿಪ್ ಮೀರಿ ಮತ ಹಾಕಿದರೆ, ಪಕ್ಷೇತರರಾಗಿ ಗೆದ್ದು ಆಮೇಲೆ ಪಕ್ಷ ಸೇರಿದರೆ ಸದಸ್ಯತ್ವ ಹೋಗುತ್ತದೆ. ಮೊದಲು ಮೂರನೇ ಒಂದರಷ್ಟು ಜನ ಒಡೆದು ಹೋದರೆ ರಕ್ಷಣೆ ಇತ್ತು. 2003ರ ತಿದ್ದುಪಡಿ ಅದನ್ನು ತೆಗೆಯಿತು. ಈಗ ಮೂರನೇ ಎರಡರಷ್ಟು ಶಾಸಕರು ಒಪ್ಪಿದ ವಿಲೀನಕ್ಕೆ ಮಾತ್ರ ರಕ್ಷಣೆ. ಅನರ್ಹತೆಯ ಅರ್ಜಿಯನ್ನು ಶಾಸಕರಷ್ಟೇ ಸಲ್ಲಿಸಬೇಕೆಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಒಡಿಶಾದ ಪ್ರಕರಣವೊಂದರಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್, ಸದನದ ಸದಸ್ಯರಲ್ಲದವರೂ ಸ್ಪೀಕರ್ ಮುಂದೆ ಅರ್ಜಿ ಹಾಕಬಹುದು ಎಂದಿದೆ. ಸಾಮಾನ್ಯವಾಗಿ ಮೂರು ತಿಂಗಳೊಳಗೆ ಸ್ಪೀಕರ್ ತೀರ್ಮಾನಿಸಬೇಕೆಂದು 2020ರ ಮಣಿಪುರ ಪ್ರಕರಣದಲ್ಲಿ ಹೇಳಿದೆ. ಪುರಸಭೆ, ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ 1987ರ ಕರ್ನಾಟಕ ಸ್ಥಳೀಯ ಪ್ರಾಧಿಕಾರಗಳ ಪಕ್ಷಾಂತರ ನಿಷೇಧ ಕಾಯ್ದೆ ಬೇರೆಯೇ ಇದೆ.

ಮತ ಹಾಕುವ ಮುನ್ನ ನೋಡಬೇಕಾದ ಕಾಗದ ಅಭ್ಯರ್ಥಿಯ ಪ್ರಮಾಣಪತ್ರ. ನಮೂನೆ 26 ಎನ್ನುತ್ತಾರೆ. ಕ್ರಿಮಿನಲ್ ಪ್ರಕರಣ, ಆಸ್ತಿ, ಸಾಲ, ಓದು ಎಲ್ಲ ಅದರಲ್ಲಿರಬೇಕು. ಚುನಾವಣಾಧಿಕಾರಿಯ ಕಚೇರಿಯ ಫಲಕದಲ್ಲೂ ಆಯೋಗದ ಜಾಲತಾಣದಲ್ಲೂ ಅದು ಸಿಗುತ್ತದೆ. ಸುಳ್ಳು ಬರೆದರೆ ಪ್ರಜಾಪ್ರತಿನಿಧಿ ಕಾಯ್ದೆಯ 125ಎ ಕಲಮಿನಡಿ 6 ತಿಂಗಳವರೆಗೆ ಜೈಲಾಗಬಹುದು. ಕ್ರಿಮಿನಲ್ ಪ್ರಕರಣ ಇರುವವರಿಗೆ ಟಿಕೆಟ್ ಕೊಟ್ಟ ಪಕ್ಷ, ಅವರನ್ನೇ ಏಕೆ ಆರಿಸಿದೆವು ಎಂದು 48 ಗಂಟೆಯೊಳಗೆ ಪ್ರಕಟಿಸಬೇಕು. ಗೆಲ್ಲುತ್ತಾರೆ ಎಂಬುದೊಂದೇ ಕಾರಣವಾಗದು. ಪಕ್ಷಗಳ ದುಡ್ಡಿನ ಲೆಕ್ಕವೂ ನಮಗೆ ಸಂಬಂಧಿಸಿದ್ದು. 20,000 ರೂಪಾಯಿ ಮೀರಿದ ದೇಣಿಗೆಯ ವಿವರವನ್ನು ಪ್ರತಿ ಪಕ್ಷ ಆಯೋಗಕ್ಕೆ ಕೊಡಬೇಕು. ದಾನಿಯ ಹೆಸರು ಮುಚ್ಚಿಡುತ್ತಿದ್ದ ಚುನಾವಣಾ ಬಾಂಡ್‌ಗಳನ್ನು 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟ್ ರದ್ದು ಮಾಡಿದ್ದೇ ಮತದಾರರ ತಿಳಿಯುವ ಹಕ್ಕಿನ ಹೆಸರಿನಲ್ಲಿ.

ಮತಕ್ಕೆ ಹಣ, ಸೀರೆ, ಹೆಂಡ ಹಂಚುವುದು ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 170ನೇ ಕಲಮಿನಲ್ಲಿ ಕೊಟ್ಟವರಷ್ಟೇ ಅಲ್ಲ, ತೆಗೆದುಕೊಂಡವರೂ ತಪ್ಪಿತಸ್ಥರು. ವಿಧಾನಸಭೆ, ಲೋಕಸಭೆ ಚುನಾವಣೆಯಲ್ಲಿ ಫೋಟೊ ಅಥವಾ ವಿಡಿಯೊ ತೆಗೆದು ಸಿ-ವಿಜಿಲ್ ಆ್ಯಪ್‌ನಲ್ಲಿ ಹಾಕಬಹುದು, ಹೆಸರು ಹೇಳದೆಯೂ ದೂರಬಹುದು. 1950ಕ್ಕೆ ಕರೆಯನ್ನೂ ಮಾಡಬಹುದು. ಪಂಚಾಯಿತಿ, ಪುರಸಭೆ ಚುನಾವಣೆಗಳ ದೂರು ಹೋಗಬೇಕಾದದ್ದು ರಾಜ್ಯ ಚುನಾವಣಾ ಆಯೋಗದ ಕಡೆಗೆ. ಭಾರತ ಚುನಾವಣಾ ಆಯೋಗ, ರಾಜ್ಯ ಚುನಾವಣಾ ಆಯೋಗ ಎರಡೂ ಬೇರೆ ಬೇರೆ ಸಂಸ್ಥೆಗಳು, ಹಾಗಾಗಿ ತಪ್ಪು ವಿಳಾಸಕ್ಕೆ ಹೋದ ದೂರಿನಿಂದ ಸಮಯ ಹಾಳು.

ಇನ್ನು ವಿಧಾನಸಭೆ, ಲೋಕಸಭೆ ಚುನಾವಣೆಯ ಫಲಿತಾಂಶವನ್ನೇ ಪ್ರಶ್ನಿಸುವ ದಾರಿ. ಲಂಚದ ಬಲದಿಂದ ಅಥವಾ ಜಾತಿ, ಧರ್ಮದ ಹೆಸರಿನಲ್ಲಿ ಮತ ಕೇಳಿ ಗೆದ್ದಿದ್ದರೆ ಅದು ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಕಲಮಿನಡಿ ಭ್ರಷ್ಟ ಆಚರಣೆ. ಸೋತ ಅಭ್ಯರ್ಥಿಯೇ ಬರಬೇಕೆಂದಿಲ್ಲ, ಆ ಕ್ಷೇತ್ರದ ಯಾವ ಮತದಾರರೂ ಚುನಾವಣಾ ತಕರಾರು ಅರ್ಜಿ ಸಲ್ಲಿಸಬಹುದು. ರಾಯಚೂರು ಜಿಲ್ಲೆಯವರು ಹೋಗಬೇಕಾದದ್ದು ಹೈಕೋರ್ಟ್‌ನ ಕಲಬುರಗಿ ಪೀಠಕ್ಕೆ. ಭದ್ರತಾ ಠೇವಣಿ 2,000 ರೂಪಾಯಿ, ವಕೀಲರ ಖರ್ಚು ಬೇರೆ. ಗೆದ್ದವರ ಆಯ್ಕೆ ಘೋಷಣೆಯಾದ ದಿನದಿಂದ 45 ದಿನದ ಗಡುವು. ತಡವಾದದ್ದನ್ನು ಮನ್ನಿಸುವ ಅಧಿಕಾರ ಇಲ್ಲಿ ನ್ಯಾಯಾಲಯಕ್ಕಿಲ್ಲ. ಸಾಕ್ಷ್ಯ ಎಷ್ಟೇ ಗಟ್ಟಿಯಿದ್ದರೂ ಗಡುವು ಮೀರಿದ ಅರ್ಜಿ ವಜಾ ಆಗುತ್ತದೆ. ಆದ್ದರಿಂದ ಫೋಟೊ, ರಸೀದಿ, ದೂರಿನ ಸ್ವೀಕೃತಿಯ ಪ್ರತಿಗಳನ್ನು ಪ್ರಚಾರ ಶುರುವಾದ ದಿನದಿಂದಲೇ ತೆಗೆದಿಟ್ಟುಕೊಳ್ಳಿ.