ವರ್ಗಣಿ ಕೊಟ್ಟವರಿಗೆ ವಿದ್ಯೆಯೂ ಸಿಗಲಿ: ಸಂಘದ ಸದಸ್ಯರಿಗೆ ಒಂಬತ್ತು ಸೂತ್ರಗಳು

ಯರಗುಪ್ಪಿಯಂಥ ಊರಲ್ಲಿ ಕಾರ್ಮಿಕ ಸಂಘ ಎಲ್ಲಿದೆ ಎಂದು ಕೇಳುವವರು ಬೆಳಗಿನ ಬಸ್ಸು ನೋಡಬೇಕು. ಕುಂದಗೋಳ, ಹುಬ್ಬಳ್ಳಿಗೆ ಹೊರಟ ಗೌಂಡಿಗಳು, ಅಮರಗೋಳದ ಎಪಿಎಂಸಿಯಲ್ಲಿ ಚೀಲ ಹೊರುವ ಹಮಾಲರು, ಗುತ್ತಿಗೆ ಕೆಲಸದವರು ಎಲ್ಲ ಅದರಲ್ಲೇ ಇರುತ್ತಾರೆ. ಊರಲ್ಲೇ ಉಳಿದವರಲ್ಲಿ ಅಂಗನವಾಡಿ, ಆಶಾ, ಬಿಸಿಯೂಟದ ಅಕ್ಕಂದಿರು, ಎರಿ ಹೊಲದಲ್ಲಿ ಮೆಣಸಿನಕಾಯಿ ಬಿಡಿಸುವ ಕೂಲಿಗಳು. ಒಂದೇ ಓಣಿಯಲ್ಲಿ ಮೂರು ನಾಲ್ಕು ಸಂಘಗಳ ಚೀಟಿ ಸಿಕ್ಕರೂ ಆಶ್ಚರ್ಯವಿಲ್ಲ. ಆದರೆ ಪಗಾರ ನಿಂತಾಗ ಇಲ್ಲವೇ ಧರಣಿಗೆ ಹೊರಟಾಗ ಮಾತ್ರ ಸಂಘ ನೆನಪಾಗುತ್ತದೆ. ಕಲಿಯಲಿಕ್ಕೂ ಸಂಘ ಬೇಕು ಎಂಬುದು ನೆನಪಾಗುವುದಿಲ್ಲ. ಕಲಿಯುವ ಅವಕಾಶಗಳು ಬೇಕಾದಷ್ಟಿವೆ, ಆದರೆ ಒಬ್ಬರೇ ಹೋಗಿ ಕೇಳಿದರೆ ‘ಮುಂದಿನ ವಾರ ಬರ್ರಿ’ ಎನ್ನುತ್ತಾರೆ. ನಲವತ್ತು ಹೆಸರು ಬರೆದು ಸಂಘದ ಶಿಕ್ಕಾ ಒತ್ತಿ ಕೇಳಿದರೆ ತಾರೀಖು ಕೊಡುತ್ತಾರೆ. ಕೆಳಗಿನ ಸೂತ್ರಗಳೆಲ್ಲ ಈ ಒಂದು ಅನುಭವದ ಮೇಲೆಯೇ ನಿಂತಿವೆ.

1. ವರ್ಗಣಿಯ ಲೆಕ್ಕ ಕೇಳುವಾಗ ಪಾಠದ ಲೆಕ್ಕವನ್ನೂ ಕೇಳಿ

ಸಂಘದ ದುಡ್ಡನ್ನು ಕೇಸಿಗೂ ಬ್ಯಾನರಿಗೂ ಮಾತ್ರ ಖರ್ಚು ಮಾಡಬೇಕೆಂದು ಯಾರೂ ಹೇಳಿಲ್ಲ. 1926ರ ಟ್ರೇಡ್ ಯೂನಿಯನ್ ಕಾಯ್ದೆಯ 15ನೆಯ ಕಲಮೇ ಸದಸ್ಯರ ಮತ್ತು ಅವರ ಅವಲಂಬಿತರ ಶಿಕ್ಷಣಕ್ಕೆ, ಕಾರ್ಮಿಕರ ಪ್ರಶ್ನೆ ಚರ್ಚಿಸುವ ಪತ್ರಿಕೆ ನಡೆಸುವುದಕ್ಕೆ ಸಾಮಾನ್ಯ ನಿಧಿಯಿಂದ ಖರ್ಚು ಮಾಡಲು ಅವಕಾಶ ಕೊಟ್ಟಿತ್ತು. ಬ್ರಿಟಿಷರ ಕಾಲದ ಕಾಯ್ದೆಗೆ ಇದ್ದ ಬುದ್ಧಿ ನಮ್ಮ ಎಷ್ಟೋ ಸಂಘಗಳ ಖಜಾಂಚಿಗಳಿಗೆ ಬಂದಿಲ್ಲ. ವಾರ್ಷಿಕ ಸಭೆಯಲ್ಲಿ ಎದ್ದು ನಿಂತು, ಈ ವರ್ಷ ಕಲಿಕೆಗೆ ಎಷ್ಟು ಎಂದು ಕೇಳಿ. ಉತ್ತರ ಠರಾವಿನಲ್ಲಿ ದಾಖಲಾಗಲಿ.

2. ಕಲಿಸುವವರನ್ನೇ ಊರಿಗೆ ಕರೆಸಿ

ಇದು ಎಲ್ಲಕ್ಕಿಂತ ಮುಖ್ಯ, ಎಲ್ಲಕ್ಕಿಂತ ಕಡಿಮೆ ಜನಕ್ಕೆ ಗೊತ್ತಿರುವ ಸಂಗತಿ. ಕಾರ್ಮಿಕರಿಗೆ ಕಲಿಸುವುದಕ್ಕೆಂದೇ ಕೇಂದ್ರ ಸರಕಾರ 1958ರಲ್ಲಿ ಒಂದು ಮಂಡಳಿ ಮಾಡಿತು. ಈಗ ಅದರ ಹೆಸರು ದತ್ತೋಪಂತ ಠೇಂಗಡಿ ರಾಷ್ಟ್ರೀಯ ಕಾರ್ಮಿಕ ಶಿಕ್ಷಣ ಮತ್ತು ಅಭಿವೃದ್ಧಿ ಮಂಡಳಿ. ಕರ್ನಾಟಕದಲ್ಲಿ ಬೆಂಗಳೂರು, ಮಂಗಳೂರಿನ ಜೊತೆ ನಮ್ಮ ಹುಬ್ಬಳ್ಳಿಯಲ್ಲೂ ಅದರ ಪ್ರಾದೇಶಿಕ ಕಚೇರಿ ಇದೆ. ಠೇಂಗಡಿಯವರು 1955ರಲ್ಲಿ ಭಾರತೀಯ ಮಜ್ದೂರ್ ಸಂಘ ಕಟ್ಟಿದವರು. ಹೆಸರು ನೋಡಿ ಕೆಂಬಾವುಟದವರು ಹಿಂಜರಿಯಬೇಕಾಗಿಲ್ಲ, ಶಿಬಿರ ಎಲ್ಲ ಬಣ್ಣದ ಸಂಘಗಳಿಗೂ ಇದೆ.

ಕಾರ್ಖಾನೆಯವರಿಗೆ ಕಾರ್ಖಾನೆಯಲ್ಲೇ ತರಗತಿ, ಹಳ್ಳಿಯ ಕೂಲಿಗಳಿಗೆ ಹಳ್ಳಿಯಲ್ಲೇ ಎರಡು ದಿನದ ಶಿಬಿರ ನಡೆಸುವ ಪದ್ಧತಿ ಈ ಮಂಡಳಿಯದು. ನಿಮ್ಮ ಕಡೆಯಿಂದ ಬೇಕಾಗುವುದು ಸುಮಾರು ನಲವತ್ತು ಜನ, ಕೂಡಲು ಒಂದು ಜಾಗ, ಒಂದು ಪತ್ರ. ಸಮುದಾಯ ಭವನವೋ ಗುಡಿಯ ಪೌಳಿಯೋ ನಡೆದೀತು. ಪತ್ರದಲ್ಲಿ ‘ತರಬೇತಿ ಕೊಡಿ’ ಎಂದು ಬರೆದರೆ ಭಾಷಣ ಸಿಗುತ್ತದೆ. ‘ನಮ್ಮಲ್ಲಿ ಇಪ್ಪತ್ತು ಮಂದಿ ಗೌಂಡಿಗಳು, ಹತ್ತು ಮಂದಿ ಬಿಸಿಯೂಟದವರು ಇದ್ದಾರೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಅರ್ಜಿ ತುಂಬುವುದನ್ನೂ ಕನಿಷ್ಠ ಕೂಲಿಯ ಲೆಕ್ಕವನ್ನೂ ಹೇಳಿಕೊಡಬೇಕು’ ಎಂದು ಬರೆದರೆ ಪಾಠ ಸಿಗುತ್ತದೆ. ಕೂಲಿ ಬಿಟ್ಟು ಕೂರುವವರಿಗೆ ಭತ್ಯೆ ಇದೆಯೇ ಎಂಬುದನ್ನೂ ಅದೇ ಪತ್ರದಲ್ಲಿ ಕೇಳಿಬಿಡಿ.

ದಿನ ಗೊತ್ತುಮಾಡುವಾಗ ಸ್ವಲ್ಪ ಯೋಚಿಸಿ. ಮೆಣಸಿನಕಾಯಿ ಬಿಡಿಸುವ ಕಾಲದಲ್ಲಿ ಹೊಲದ ಕೂಲಿಯವರು ಬರುವುದಿಲ್ಲ, ಬೇಸಿಗೆಯಲ್ಲಿ ಗೌಂಡಿಗಳು ಬರುವುದಿಲ್ಲ. ಕಟ್ಟಡದ ಕೆಲಸ ನಿಲ್ಲುವ ಮಳೆಗಾಲವೇ ಗೌಂಡಿಗಳ ಸಾಲಿ.

3. ಮೊದಲ ಪಠ್ಯಪುಸ್ತಕ ಪಗಾರದ ಚೀಟಿ

ಗುತ್ತಿಗೆಯಲ್ಲಿ ದುಡಿಯುವ ಹುಡುಗರು ಮೊಬೈಲಿಗೆ ಬಂದ ಮೊತ್ತ ನೋಡುತ್ತಾರೆ, ಚೀಟಿ ನೋಡುವುದಿಲ್ಲ. ಚೀಟಿಯನ್ನು ನಡುವೆ ಇಟ್ಟುಕೊಂಡು ಐದು ಜನ ಕೂತರೆ ಅರ್ಧ ತಾಸಿನ ಪಾಠ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 12,000 ರೂಪಾಯಿ ಇದೆ ಅನ್ನಿ. ಪಿಎಫ್‌ಗೆ ನಿಮ್ಮ ಪಾಲು ಶೇ. 12ರಂತೆ 1,440 ರೂಪಾಯಿ. ಮಾಲೀಕರೂ ಶೇ. 12 ಹಾಕಬೇಕು, ಅದರಲ್ಲಿ ಶೇ. 8.33 ಪಿಂಚಣಿ ಖಾತೆಗೆ ಹೋಗುತ್ತದೆ. ಇನ್ನು ಇಎಸ್‌ಐ: ಪಗಾರ 14,000 ಎಂದಾದರೆ ನಿಮ್ಮಿಂದ ಶೇ. 0.75ರಂತೆ 105 ರೂಪಾಯಿ, ಮಾಲೀಕರಿಂದ ಶೇ. 3.25ರಂತೆ 455 ರೂಪಾಯಿ.

ಈಗ ಚೀಟಿಯಲ್ಲಿ ಮುರಿದ ಮೊತ್ತ ನೋಡಿ. 1,440ರ ಜಾಗದಲ್ಲಿ 2,880 ಮುರಿದಿದ್ದರೆ ಗುತ್ತಿಗೆದಾರ ತನ್ನ ಪಾಲನ್ನೂ ನಿಮ್ಮ ಹೊಟ್ಟೆಯಿಂದಲೇ ತೆಗೆದ ಎಂದರ್ಥ. ಅದು ಕಾನೂನಿಗೆ ವಿರುದ್ಧ. ಮುರಿದದ್ದು ಜಮೆ ಆಗಿದೆಯೇ ಎಂಬುದು ಪಿಎಫ್ ಖಾತೆಯ ಯುಎಎನ್ ನಂಬರು ಹಾಕಿದರೆ ಉಮಂಗ್ ಆ್ಯಪಿನಲ್ಲಿ ಕಾಣುತ್ತದೆ. ಎಷ್ಟೋ ಹೋರಾಟಗಳು ಶುರುವಾಗಬೇಕಾದದ್ದು ಈ ಚೀಟಿಯಿಂದ.

4. ಅರ್ಜಿ ಕೊಟ್ಟರೆ ಸ್ವೀಕೃತಿ ಇಸಿದುಕೊಳ್ಳಿ

ಉತ್ತರ ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ಉದ್ಯೋಗ ಖಾತ್ರಿಯ (ನರೇಗಾ) ಕೂಲಿಗಳನ್ನು ಕಟ್ಟಿದ ‘ಗ್ರಾಕೂಸ್’, ಅಂದರೆ ಗ್ರಾಮೀಣ ಕೂಲಿ ಕಾರ್ಮಿಕರ ಸಂಘಟನೆ, ಈ ಪಾಠವನ್ನು ಚೆನ್ನಾಗಿ ಕಲಿಸಿತು. ಹೆಬ್ಬಟ್ಟು ಒತ್ತುತ್ತಿದ್ದ ಹೆಣ್ಣುಮಕ್ಕಳು ಕೆಲಸ ಕೇಳುವ ನಮೂನೆ 6 ತುಂಬಿ, ಪಂಚಾಯಿತಿಯಲ್ಲಿ ತಾರೀಖಿನ ಸಮೇತ ಸ್ವೀಕೃತಿ ಪಡೆಯದೆ ಮೇಲೇಳುವುದಿಲ್ಲ ಎಂದು ಕೂತರು. ಆ ತಾರೀಖಿನಿಂದ 15 ದಿನದೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಎಂಬುದು ಕಾಯ್ದೆಯ ಮಾತಾಗಿತ್ತು. ಸ್ವೀಕೃತಿ ಇಲ್ಲದಿದ್ದರೆ ಭತ್ಯೆಯೂ ಇಲ್ಲ. ಉದ್ಯೋಗ ಖಾತ್ರಿಯ ಕಾಯ್ದೆ, ನಮೂನೆ ಬದಲಾಗಬಹುದು, ಈ ಅಭ್ಯಾಸ ಮಾತ್ರ ಎಲ್ಲ ಕಚೇರಿಯಲ್ಲೂ ಕೆಲಸಕ್ಕೆ ಬರುತ್ತದೆ. ನಿಮ್ಮ ಸಂಘದಲ್ಲಿ ಅರ್ಜಿ ಬರೆಯಬಲ್ಲ ಒಬ್ಬರೇ ಇದ್ದರೆ ಅದು ಅಪಾಯ. ಅವರು ಊರು ಬಿಟ್ಟ ದಿನ ಸಂಘಕ್ಕೆ ಕೈಯಿಲ್ಲ. ಕನಿಷ್ಠ ಐವರನ್ನು ತಯಾರು ಮಾಡಿ.

5. ಗೌಂಡಿಗಳೇ, ಕಾರ್ಡು ಟ್ರಂಕಿನಲ್ಲಿ ಇಡಬೇಡಿ

ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ 18ರಿಂದ 60 ವಯಸ್ಸಿನವರು ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಿ ಕಾರ್ಡು ಪಡೆಯಬಹುದು. ಮದುವೆ, ಹೆರಿಗೆ ಸಹಾಯ ಎಲ್ಲರಿಗೂ ಗೊತ್ತು. ಮಕ್ಕಳ ಓದಿಗೆ ‘ಕಲಿಕೆ ಭಾಗ್ಯ’, ಕೆಲಸದ ಕೌಶಲ ಹೆಚ್ಚಿಸಲು ತರಬೇತಿ ಮತ್ತು ಸಾಮಾನು ಕೊಡುವ ‘ಶ್ರಮ ಸಾಮರ್ಥ್ಯ’ ಇವೆ ಎಂಬುದನ್ನು ಹೇಳುವವರು ಕಡಿಮೆ. ಕಾರ್ಮಿಕ ಸಹಾಯವಾಣಿ 155214. ಕಟ್ಟಡದ ಮೆಟ್ಟಿಲೇ ಹತ್ತದವರು ಕಾರ್ಡು ಮಾಡಿಸಿಕೊಂಡದ್ದರಿಂದ ಈಗ ತಪಾಸಣೆ ಬಿಗಿಯಾಗಿದೆ. ಕಷ್ಟ ಮಾತ್ರ ನಿಜವಾದ ಗೌಂಡಿಗೆ. ಹಾಗಾಗಿ ಕೆಲಸ ಮಾಡಿದ ದಿನ, ಜಾಗ, ಮೇಸ್ತ್ರಿಯ ಹೆಸರನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡಿ.

ಗೌಂಡಿ, ಬಡಿಗ, ಕಮ್ಮಾರ, ಕುಂಬಾರ, ದರ್ಜಿ ಮುಂತಾದ 18 ಕಸಬಿನವರಿಗೆ 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯೂ ಇದೆ. ಐದರಿಂದ ಏಳು ದಿನದ ಮೂಲ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಸಾಮಾನಿಗೆ 15,000 ರೂಪಾಯಿವರೆಗೆ ನೆರವು. ಒಂದು ಕುಟುಂಬಕ್ಕೆ ಒಬ್ಬರಿಗೆ ಮಾತ್ರ. ಮದುವೆಯಾಗದ ಅಣ್ಣ ತಮ್ಮಂದಿರಿಬ್ಬರೂ ಗೌಂಡಿಗಳಿದ್ದರೆ ಮೊದಲೇ ಮಾತಾಡಿಕೊಳ್ಳಿ.

6. ರುಡ್‌ಸೆಟಿಗೆ ಹೋಗಿ, ಆದರೆ ಸಂಘ ಬಿಡಬೇಡಿ

1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ಸ್ವಂತ ಉದ್ಯೋಗ ತರಬೇತಿ ಸಂಸ್ಥೆ ರುಡ್‌ಸೆಟಿಯ ಶಾಖೆ ಧಾರವಾಡದಲ್ಲೇ ಇದೆ. ಊಟ, ವಸತಿ, ಪಾಠ ಎಲ್ಲ ಪುಕ್ಕಟೆ. ಮೋಟಾರ್ ರಿಪೇರಿ, ಹೊಲಿಗೆಯಂಥ ಕಸಬು ಕಲಿಸಿ ಸಾಲಕ್ಕೆ ಬ್ಯಾಂಕಿನ ದಾರಿ ತೋರಿಸುತ್ತಾರೆ. ಅಲ್ಲಿ ಕಲಿಸುವುದು ಸ್ವಂತ ಉದ್ಯೋಗವನ್ನು. ಹಕ್ಕಿನ ಪಾಠಕ್ಕೆ ಸಂಘವೇ ಬೇಕು.

7. ಬಿಟ್ಟ ಸಾಲಿ ಮುಗಿಸಿ

ಹತ್ತನೆಯತ್ತೆ ಫೇಲಾಗಿ ಕೆಲಸಕ್ಕೆ ಹೊರಟವರೇ ನಮ್ಮ ಸಂಘಗಳಲ್ಲಿ ಹೆಚ್ಚು. ಎಸ್ಸೆಸ್ಸೆಲ್ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಕಟ್ಟಬಹುದು. ಪದವಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಿದೆ, 1996ರಿಂದ ನಡೆಯುತ್ತಿದೆ, ಧಾರವಾಡದಲ್ಲಿ ಪ್ರಾದೇಶಿಕ ಕೇಂದ್ರವಿದೆ. ಈ ಮಾರ್ಕ್ಸ್‌ಕಾರ್ಡಿನಿಂದ ಏನಾಗುತ್ತದೆ ಎಂಬುದನ್ನು ಹುಬ್ಬಳ್ಳಿಯ ರೈಲ್ವೆಯವರನ್ನು ಕೇಳಿ. ಟ್ರ್ಯಾಕ್‌ನಲ್ಲಿ ಸೇರಿದವರೂ ಇಲಾಖಾ ಪರೀಕ್ಷೆ ಬರೆದು ಗುಮಾಸ್ತರಾಗುವ ದಾರಿ ಅಲ್ಲಿದೆ. ಸಂಘದ ಕಚೇರಿಯಲ್ಲಿ ವಾರಕ್ಕೆ ಎರಡು ಸಂಜೆ ಗಣಿತ, ಇಂಗ್ಲಿಷ್ ಹೇಳಿಕೊಡುವ ಒಬ್ಬ ನಿವೃತ್ತ ಮಾಸ್ತರರು ಯಾವ ಊರಲ್ಲೂ ಸಿಗುತ್ತಾರೆ. ಕೇಳಿದರೆ ಇಲ್ಲವೆನ್ನುವವರು ಅಪರೂಪ.

8. ವಾದ ಮಾಡುವುದನ್ನೂ ಹೊಸ ಸಂಹಿತೆಗಳನ್ನೂ ಕಲಿಯಿರಿ

ಕಾರ್ಮಿಕ ನ್ಯಾಯಾಲಯದಲ್ಲಿ ಮಾತಾಡಲು ಕಪ್ಪು ಕೋಟು ಬೇಕೇ ಬೇಕು ಎಂಬುದು ತಪ್ಪು ತಿಳಿವಳಿಕೆ. 1947ರ ಕೈಗಾರಿಕಾ ವಿವಾದ ಕಾಯ್ದೆಯ 36ನೆಯ ಕಲಮಿನ ಪ್ರಕಾರ ನೋಂದಾಯಿತ ಸಂಘದ ಪದಾಧಿಕಾರಿಯೇ ಸದಸ್ಯನ ಪರ ನಿಲ್ಲಬಹುದಿತ್ತು. ವಕೀಲರು ಬರಬೇಕಾದರೇ ಎದುರು ಪಕ್ಷದ ಒಪ್ಪಿಗೆ, ನ್ಯಾಯಾಲಯದ ಅನುಮತಿ ಬೇಕಿತ್ತು. ಈಗ ಅದರ ಜಾಗಕ್ಕೆ ಬಂದ ಹೊಸ ಸಂಹಿತೆಯಲ್ಲೂ ಪದಾಧಿಕಾರಿಯ ಈ ಅವಕಾಶ ಉಳಿದಿದೆ. ಮೂರು ಒಳ್ಳೆಯ ಅರ್ಜಿ ಬರೆದ ಕಾರ್ಯದರ್ಶಿ ಅರ್ಧ ವಕೀಲನೇ. ಪೂರ್ತಿ ಆಗಬೇಕೆನ್ನುವ ಪದವೀಧರರಿಗೆ ಮೂರು ವರ್ಷದ ಎಲ್‌ಎಲ್‌ಬಿ ಇದೆ, ರಾಜ್ಯದ ಕಾನೂನು ವಿಶ್ವವಿದ್ಯಾಲಯವೇ ಹುಬ್ಬಳ್ಳಿಯ ನವನಗರದಲ್ಲಿದೆ.

2025ರ ನವೆಂಬರ್ 21ರಿಂದ 29 ಹಳೆಯ ಕಾರ್ಮಿಕ ಕಾನೂನುಗಳ ಜಾಗದಲ್ಲಿ ನಾಲ್ಕು ಸಂಹಿತೆಗಳು ಬಂದಿವೆ. ಹಲವು ಸಂಘಗಳು ಇವನ್ನು ವಿರೋಧಿಸುತ್ತಿವೆ. ವಿರೋಧಿಸುವವರೂ ಮೊದಲು ಓದಬೇಕು. ಎಲ್ಲ ಕೆಲಸಗಾರರಿಗೆ ನೇಮಕಾತಿ ಪತ್ರ ಕೊಡಬೇಕು, ನಿಗದಿತ ಅವಧಿಗೆ ನೇಮಕವಾದವರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಸಿಗಬೇಕು ಎಂಬ ಮಾತುಗಳು ಅವುಗಳಲ್ಲೇ ಇವೆ. ಮುಷ್ಕರಕ್ಕೆ ಮುಂಗಡ ನೋಟಿಸಿನ ಬಿಗಿ ನಿಯಮವೂ ಅವುಗಳಲ್ಲೇ ಇದೆ. ಚುರುಕಾದ ಒಬ್ಬರನ್ನು ನೋಯ್ಡಾದ ವಿ.ವಿ. ಗಿರಿ ರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ತರಬೇತಿಗೆ ಕಳಿಸಿ. ಸಂಘಟಕರಿಗೆಂದೇ ಅಲ್ಲಿ ಶಿಬಿರಗಳಿವೆ. ಗಿರಿಯವರು ರಾಷ್ಟ್ರಪತಿಯಾಗುವ ಎಷ್ಟೋ ಮೊದಲು ರೈಲ್ವೆ ಕಾರ್ಮಿಕರ ನಾಯಕರಾಗಿದ್ದರು, ನಡುವೆ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರೂ ಆಗಿದ್ದರು. ಹೋಗಿ ಬಂದವರು ಫೋಟೊ ತೋರಿಸಿದರೆ ಸಾಲದು. ಕಲಿತದ್ದನ್ನು ಕನ್ನಡದಲ್ಲಿ ಒಂದು ಸಂಜೆ ಎಲ್ಲರಿಗೂ ಹೇಳಬೇಕು ಎಂಬ ಷರತ್ತು ಹಾಕಿಯೇ ಕಳಿಸಿ.

9. ಪಟ್ಟಿಯ ಮೊದಲ ಅರ್ಧ ಹೆಣ್ಣುಮಕ್ಕಳದು

ತರಬೇತಿಗೆ ಹೆಸರು ಕೊಡಿ ಎಂದಾಗ ಸಂಘದ ಅಧ್ಯಕ್ಷರು ತಮ್ಮ ಹೆಸರನ್ನೇ ಮೊದಲು ಬರೆಯುತ್ತಾರೆ. ಆಮೇಲೆ ಕಾರ್ಯದರ್ಶಿ. ಕೊನೆಗೆ ಜಾಗ ಉಳಿದರೆ ‘ಯಾರಾದರೂ ಒಬ್ಬಾಕಿನ್ನ ಹಾಕ್ರಿ’. ಅಹಮದಾಬಾದಿನಲ್ಲಿ ಇಳಾ ಭಟ್ 1972ರಲ್ಲಿ ಸ್ವಂತ ದುಡಿಮೆಯ ಹೆಂಗಸರ ‘ಸೇವಾ’ ಸಂಘ ಕಟ್ಟಿದಾಗ, ಮಾಲೀಕನೇ ಇಲ್ಲದವರದ್ದು ಯಾವ ಸಂಘ ಎಂದು ಅಧಿಕಾರಿಗಳು ನೋಂದಣಿಗೇ ತಕರಾರು ತೆಗೆದಿದ್ದರು. ಎರಡೇ ವರ್ಷದಲ್ಲಿ, 1974ರಲ್ಲಿ, 4,000 ಹೆಂಗಸರು ತಲಾ ಹತ್ತು ರೂಪಾಯಿ ಹಾಕಿ ಸ್ವಂತ ಬ್ಯಾಂಕು ತೆರೆದರು. ಅವರಲ್ಲಿ ಬಹಳ ಮಂದಿಗೆ ಓದು ಬರಹ ಬರುತ್ತಿರಲಿಲ್ಲ. ಯರಗುಪ್ಪಿಯ ಅಂಗನವಾಡಿ, ಆಶಾ ಕಾರ್ಯಕರ್ತೆಯರಿಗೆ ಅದು ಬರುತ್ತದೆ. ಕುಂದಗೋಳದ ಸಭೆ ಸಂಜೆ ಆರಕ್ಕೆ ಇಟ್ಟರೆ ಅವರು ಬರಲಾರರು. ಮಧ್ಯಾಹ್ನ ಎರಡಕ್ಕೆ, ಊರಲ್ಲೇ ಇಡಿ. ಕೂಸುಗಳನ್ನು ನೋಡಿಕೊಳ್ಳಲು ಒಬ್ಬರನ್ನು ನೇಮಿಸಿ, ಅವರ ಕೂಲಿ ಸಂಘವೇ ಕೊಡಲಿ.

ಮುಂದಿನ ಸಭೆಯ ನೋಟಿಸು ಬಂದಾಗ ವಿಷಯಪಟ್ಟಿ ನೋಡಿ. ತರಬೇತಿಯ ಮಾತು ಅದರಲ್ಲಿ ಇಲ್ಲದಿದ್ದರೆ ನಿಮ್ಮ ಕೈಯಾರೆ ಬರೆದು, ಸಹಿ ಹಾಕಿ, ಕಾರ್ಯದರ್ಶಿಗೆ ಕೊಡಿ. ಸ್ವೀಕೃತಿ ಇಸಿದುಕೊಳ್ಳುವುದನ್ನು ಮರೆಯಬೇಡಿ.