ಧ್ವನಿಮುದ್ರಣದ ಗಟ್ಟಿತನ: ಅಳೆಯುವ ಬಗೆ

ಹಾಡೊಂದರ ಮುದ್ರಣ ಮುಗಿದು, ಕಂಠ ಮತ್ತು ವಾದ್ಯಗಳ ಧ್ವನಿಗಳೆಲ್ಲವೂ ಹದವಾಗಿ ಬೆರೆತ ಮೇಲೂ, ಅದು ಶ್ರೋತೃಗಳನ್ನು ತಲಪುವ ಮುನ್ನ ಒಂದು ಕೊನೆಯ ಸಂಸ್ಕಾರ ಉಳಿದಿರುತ್ತದೆ. ಇದಕ್ಕೆ ಮಾಸ್ಟರಿಂಗ್ ಎಂದು ಹೆಸರು. ಹಾಡು ಎಷ್ಟು ಗಟ್ಟಿಯಾಗಿರಬೇಕೆಂಬುದು ನಿಶ್ಚಯವಾಗುವುದು ಇಲ್ಲಿಯೇ. ಒಂದೇ ಹಾಡಿನ ಎರಡು ಮುದ್ರಣಗಳನ್ನು ಒಂದರ ಹಿಂದೊಂದು ಕೇಳಿದಾಗ, ತುಸು ಗಟ್ಟಿಯಾಗಿರುವುದೇ ಹೆಚ್ಚು ಸೊಗಸೆಂದು ನಮ್ಮ ಕಿವಿ ಸಾಮಾನ್ಯವಾಗಿ ತೀರ್ಪು ಕೊಡುತ್ತದೆ. ಕಿವಿಯ ಈ ದೌರ್ಬಲ್ಯವೇ ತಯಾರಕರ ದೀರ್ಘ ಸ್ಪರ್ಧೆಯೊಂದಕ್ಕೆ ಮೂಲವಾಯಿತು.

ಅಂಕೀಯ ಮುದ್ರಣದಲ್ಲಿ ಧ್ವನಿತರಂಗವನ್ನು ಸಂಖ್ಯೆಗಳಾಗಿ ಬರೆದಿಡುತ್ತಾರೆ. ಬರೆಯಬಹುದಾದ ಗರಿಷ್ಠ ಸಂಖ್ಯೆಗೆ ೦ ಡೆಸಿಬೆಲ್ ಎಂದು ಹೆಸರಿಟ್ಟು, ಉಳಿದ ಮಟ್ಟಗಳನ್ನು ಅದರಿಂದ ಕೆಳಕ್ಕೆ ಎಣಿಸುವುದು ರೂಢಿ. ತರಂಗದ ಕಂಪನ ವಿಸ್ತಾರ ಅರ್ಧವಾದರೆ ಮಟ್ಟವು ೬ ಡೆಸಿಬೆಲ್ ಇಳಿಯುತ್ತದೆ. ೦ಯನ್ನು ಮೀರಲು ಸಾಧ್ಯವಿಲ್ಲದಿರುವಾಗ ಗಟ್ಟಿತನವನ್ನು ಹೆಚ್ಚಿಸುವುದೆಂತು? ತರಂಗದ ಶಿಖರಗಳನ್ನು ಅದುಮಿ, ಉಳಿದುದೆಲ್ಲವನ್ನೂ ಮೇಲೆತ್ತುವುದೇ ಇದರ ಉಪಾಯ. ೨೦೦೮ರಲ್ಲಿ ಹೊರಬಂದ ಮೆಟಾಲಿಕಾ ವಾದ್ಯವೃಂದದ 'ಡೆತ್ ಮ್ಯಾಗ್ನೆಟಿಕ್' ಇದಕ್ಕೆ ಪ್ರಸಿದ್ಧ ಉದಾಹರಣೆ. ಅದರ ಹಾಡುಗಳೇ 'ಗಿಟಾರ್ ಹೀರೊ' ಎಂಬ ವೀಡಿಯೊ ಆಟದಲ್ಲಿ ಇಷ್ಟು ಅದುಮದ ರೂಪದಲ್ಲಿ ಬಂದಿದ್ದವು. ಎರಡನ್ನೂ ಹೋಲಿಸಿ ಕೇಳಿದ ಅಭಿಮಾನಿಗಳು ಮುದ್ರಿಕೆಯ ಕರ್ಕಶತೆಯನ್ನು ಕುರಿತು ಬಹಿರಂಗವಾಗಿ ದೂರಿದರು.

ಶಿಖರದ ಎತ್ತರವು ಗಟ್ಟಿತನದ ಅಳತೆಯಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಮೃದಂಗದ ಒಂದು ಪೆಟ್ಟು ಕ್ಷಣಮಾತ್ರ ಎತ್ತರಕ್ಕೆ ಚಿಮ್ಮಿ ಇಳಿದುಬಿಡುತ್ತದೆ. ತಂಬೂರಿಯ ಶ್ರುತಿಯಾದರೋ ತಗ್ಗಿನಲ್ಲಿಯೇ ನಿಂತು ಎಡೆಬಿಡದೆ ಕಿವಿಯನ್ನು ತುಂಬುತ್ತದೆ. ಕಿವಿಗೆ ಮುಖ್ಯವಾದುದು ಕೆಲಕಾಲ ಒಟ್ಟಾಗಿ ಬರುವ ಶಕ್ತಿಯ ಸರಾಸರಿ. ಅದೂ ಎಲ್ಲ ಸ್ಥಾಯಿಗಳಲ್ಲಿ ಸಮನಾಗಿ ಅಲ್ಲ. ಸೆಕೆಂಡಿಗೆ ೩,೦೦೦-೪,೦೦೦ ಕಂಪನಗಳ ನಾದಗಳಿಗೆ ಕಿವಿ ಬಹು ಚುರುಕು. ೫೦ ಕಂಪನಗಳ ನಾದಕ್ಕೆ ಮಂದ. ಬೆಲ್ ಪ್ರಯೋಗಶಾಲೆಯ ಫ್ಲೆಚರ್ ಮತ್ತು ಮನ್ಸನ್ ೧೯೩೩ರಲ್ಲಿಯೇ ಇದನ್ನು ರೇಖಾಚಿತ್ರಗಳಲ್ಲಿ ತೋರಿಸಿದ್ದರು.

ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ೨೦೦೬ರಲ್ಲಿ ಪ್ರಕಟಿಸಿದ ಬಿ.ಎಸ್. ೧೭೭೦ ಎಂಬ ವಿಧಾನವು ಈ ಎರಡು ಸಂಗತಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಮೊದಲು ಧ್ವನಿಯನ್ನು ಒಂದು ಶೋಧಕದ ಮೂಲಕ ಹಾಯಿಸಿ, ತಗ್ಗಿನ ನಾದಗಳನ್ನು ಕುಗ್ಗಿಸಿ, ಏರು ನಾದಗಳನ್ನು ಸುಮಾರು ೪ ಡೆಸಿಬೆಲ್ ಎತ್ತುತ್ತಾರೆ. ಬಳಿಕ ೦.೪ ಸೆಕೆಂಡಿನ ತುಣುಕುಗಳಲ್ಲಿ ಕಂಪನ ವಿಸ್ತಾರದ ವರ್ಗಗಳ ಸರಾಸರಿಯನ್ನು ತೆಗೆದು, ಲಾಗರಿದಮ್ಮಿಗೆ ಪರಿವರ್ತಿಸುತ್ತಾರೆ. ದೊರೆಯುವ ಮಾನಕ್ಕೆ ಎಲ್.ಯು.ಎಫ್.ಎಸ್. ಎಂಬ ಹೆಸರಿದೆ, ಅದರ ಒಂದು ಅಂಶವೆಂದರೆ ಒಂದು ಡೆಸಿಬೆಲ್ಲೇ.

ನಿಶ್ಶಬ್ದವಾದ ಭಾಗಗಳು ಸರಾಸರಿಯನ್ನು ಕೆಡಿಸದಂತೆ ೨೦೧೧ರ ಪರಿಷ್ಕರಣದಲ್ಲಿ ಒಂದು ನಿಯಮ ಸೇರಿತು. −೭೦ಕ್ಕಿಂತ ಕೆಳಗಿನ ತುಣುಕುಗಳನ್ನು ಬಿಟ್ಟು ಸರಾಸರಿ ತೆಗೆದು, ಅದಕ್ಕಿಂತ ೧೦ ಅಂಶ ಕೆಳಗಿರುವುವನ್ನೂ ಕೈಬಿಟ್ಟು, ಪುನಃ ಸರಾಸರಿ ತೆಗೆಯಬೇಕು. ಒಂದು ಲೆಕ್ಕವನ್ನು ನೋಡೋಣ. ಎರಡು ನಿಮಿಷದ ಮೆಲ್ಲನೆಯ ಆಲಾಪನೆ −೩೦ರಲ್ಲಿಯೂ, ಎರಡು ನಿಮಿಷದ ತುಂಬು ಗಾಯನ −೧೦ರಲ್ಲಿಯೂ ಇವೆಯೆಂದು ಭಾವಿಸೋಣ. ಸರಾಸರಿ −೨೦ ಎಂದು ವಾಚಕರು ಅವಸರದಿಂದ ಹೇಳಬಾರದು. ಶಕ್ತಿಗಳು ೦.೦೦೧ ಮತ್ತು ೦.೧, ಅವುಗಳ ಸರಾಸರಿ ೦.೦೫೦೫, ಅಂದರೆ ಸುಮಾರು −೧೩. ಇದಕ್ಕಿಂತ ೧೦ ಕೆಳಗೆಂದರೆ −೨೩. ಆಲಾಪನೆಯು ಪೂರ್ತಿಯಾಗಿ ಲೆಕ್ಕದಿಂದ ಹೊರಬಿದ್ದು, ಹಾಡಿನ ಮಾನ −೧೦ ಆಗುತ್ತದೆ! ಇಡೀ ಹಾಡಿಗೆ ಒಂದೇ ಸಂಖ್ಯೆಯನ್ನು ನಂಬುವವರು ಇದನ್ನು ನೆನಪಿನಲ್ಲಿಡಬೇಕು.

ಈಗ ಅಂತರ್ಜಾಲದ ಸಂಗೀತ ಸೇವೆಗಳ ವಿಷಯ. ಸ್ಪಾಟಿಫೈ ಸಾಮಾನ್ಯವಾಗಿ −೧೪ನ್ನೂ, ಆಪಲ್ ಮ್ಯೂಸಿಕ್ −೧೬ನ್ನೂ ಗುರಿಯಾಗಿಟ್ಟುಕೊಂಡು ಹಾಡುಗಳ ಮಟ್ಟವನ್ನು ಸರಿದೂಗಿಸುತ್ತವೆ. (ಕೇಳುಗರು ಬೇಡವೆಂದರೆ ಇದನ್ನು ನಿಲ್ಲಿಸಬಹುದು.) ಒಂದೇ ಹಾಡಿನ ಎರಡು ಮುದ್ರಣಗಳಿವೆಯೆನ್ನೋಣ. ಎರಡರ ಶಿಖರವೂ −೧ ಡೆಸಿಬೆಲ್. ಆದರೆ ಅದುಮಿದುದರ ಮಾನ −೮, ಅದುಮದುದರ ಮಾನ −೧೪. ಸೇವೆಯು ಮೊದಲನೆಯದನ್ನು ೬ ಡೆಸಿಬೆಲ್ ತಗ್ಗಿಸುತ್ತದೆ, ಎರಡನೆಯದನ್ನು ಮುಟ್ಟುವುದಿಲ್ಲ. ಈಗ ಎರಡರ ಗಟ್ಟಿತನವೂ ಸಮ. ಆದರೆ ಮೊದಲನೆಯದರ ಶಿಖರ −೭ಕ್ಕೆ ಇಳಿದಿದೆ, ಎರಡನೆಯದರದು −೧ರಲ್ಲಿಯೇ ಇದೆ. ಎಂದರೆ ಎರಡನೆಯದರಲ್ಲಿ ಮೃದಂಗದ ಪೆಟ್ಟಿನ ಕಂಪನ ವಿಸ್ತಾರ ಇಮ್ಮಡಿ! ಅದುಮಿದವನಿಗೆ ದೊರೆತ ಲಾಭವೇನೂ ಇಲ್ಲ. ಕಳೆದುಕೊಂಡ ಪೆಟ್ಟು ಮಾತ್ರ ಹಿಂದಿರುಗಿ ಬಾರದು.

ಹಾಗೆಂದು ಪ್ರತಿಯೊಂದು ಹಾಡನ್ನೂ −೧೪ಕ್ಕೆ ಕೂಡಿಸಲೇಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಅದು ಸೇವೆಯವರ ಲೆಕ್ಕ, ಸಂಗೀತದ ನಿಯಮವಲ್ಲ. ಅಬ್ಬರವೇ ಬೇಕಾದ ಹಾಡು −೯ರಲ್ಲಿದ್ದರೆ ತಪ್ಪೇನು? ಸ್ವರೂಪವನ್ನು ಕಿವಿಯಿಂದ ನಿರ್ಧರಿಸಿ, ಮಾಪಕವನ್ನು ಆಮೇಲೆ ನೋಡುವುದು ಲೇಸು.

ಶಿಖರವನ್ನು ೦ಗಿಂತ ಕನಿಷ್ಠ ೧ ಡೆಸಿಬೆಲ್ ಕೆಳಗೆ ಇಡಿರೆಂಬ ಸಲಹೆಗೆ ಮಾತ್ರ ಭೌತಿಕ ಕಾರಣವಿದೆ. ಸೆಕೆಂಡಿಗೆ ೪೪,೧೦೦ ಬಾರಿ ಅಳೆಯುವಾಗ, ೧೧,೦೨೫ ಕಂಪನಗಳ ನಾದದ ಒಂದೊಂದು ಆವರ್ತಕ್ಕೆ ನಾಲ್ಕೇ ಅಳತೆಗಳು ದೊರೆಯುತ್ತವೆ. ಅವು ೪೫ ಡಿಗ್ರಿಯಲ್ಲಿ ಬಿದ್ದರೆ ನಿಜವಾದ ಶಿಖರದ ೦.೭೦೭ ಭಾಗವನ್ನು ಮಾತ್ರ ತೋರಿಸುತ್ತವೆ. ೩ ಡೆಸಿಬೆಲ್ ಮರೆಯಲ್ಲಿಯೇ ಉಳಿಯುತ್ತದೆ. ಆದುದರಿಂದಲೇ ಒಳ್ಳೆಯ ಮಾಪಕಗಳು ಅಳತೆಗಳ ನಡುವಣ ಬಿಂದುಗಳನ್ನೂ ಲೆಕ್ಕಹಾಕಿ ನಿಜ ಶಿಖರವನ್ನು ಹುಡುಕುತ್ತವೆ.

ಗಣಕಯಂತ್ರದಲ್ಲಿ ಇಂಥ ಮಾಪಕವುಳ್ಳ ವಿದ್ಯಾರ್ಥಿಗಳು ಸುಲಭವಾದ ಪ್ರಯೋಗವೊಂದನ್ನು ಮಾಡಬಹುದು. ಸೆಕೆಂಡಿಗೆ ೧,೦೦೦ ಕಂಪನಗಳ ಶುದ್ಧ ನಾದವನ್ನು ಪೂರ್ಣ ವಿಸ್ತಾರದಲ್ಲಿ ಎಡಗಡೆಗೆ ಮಾತ್ರ ಕೊಟ್ಟರೆ ಮಾಪಕವು −೩ನ್ನೂ, ಎರಡೂ ಕಡೆಗೆ ಕೊಟ್ಟರೆ ೦ಯನ್ನೂ ತೋರಿಸಬೇಕು. ವಿಸ್ತಾರವನ್ನು ಬದಲಿಸದೆ ಕಂಪನಗಳನ್ನು ೫೦ಕ್ಕೆ ಇಳಿಸಿದರೆ ಮುಳ್ಳು ನಾಲ್ಕು ಅಂಶಕ್ಕೂ ಹೆಚ್ಚು ಕೆಳಗಿಳಿಯುತ್ತದೆ. ೫,೦೦೦ಕ್ಕೆ ಏರಿಸಿದರೆ ಸುಮಾರು ಮೂರು ಅಂಶ ಮೇಲೇರುತ್ತದೆ. ಕಿವಿಯನ್ನು ಅನುಕರಿಸುವ ಶೋಧಕದ ಕೆಲಸ ಹೀಗೆ ಕಣ್ಣಿಗೆ ಕಾಣುತ್ತದೆ. ಪ್ರಯೋಗದ ವೇಳೆ ಧ್ವನಿವರ್ಧಕವನ್ನು ಬಹಳ ತಗ್ಗಿಸಿಡಬೇಕು.